ಮಣ್ಣಿಗೆ ಮರಳುವ ಕವಚ

ಇಂದು ಅಜ್ಜನ ಅಂಗಿಯ ಜೇಬಿನಲ್ಲಿಯೂ ಮೊಬೈಲ್ ಫೋನುಂಟು, ಕಾಲೇಜಿಗೆ ಹೋಗುವ ಮೊಮ್ಮಗಳ ಚೀಲದಲ್ಲಿಯೂ ಉಂಟು. ಸಾವಿರಾರು ರೂಪಾಯಿ ತೆತ್ತು ತಂದ ಈ ಉಪಕರಣ ಕೈಜಾರಿ ಬಿದ್ದು ಒಡೆಯದಿರಲೆಂದು ಅದಕ್ಕೊಂದು ಕವಚವನ್ನು ತೊಡಿಸುತ್ತೇವೆ. ಜನಬಳಕೆಯಲ್ಲಿ 'ಬ್ಯಾಕ್ ಕವರ್' ಎನಿಸಿಕೊಂಡಿರುವ ಈ ವಸ್ತು ಅಗ್ಗವಾದುದರಿಂದ ಅದರ ವಿಷಯವಾಗಿ ನಾವು ಹೆಚ್ಚು ಚಿಂತಿಸುವುದಿಲ್ಲ. ಬಣ್ಣ ಹಳದಿಗಟ್ಟಿದರೆ, ಅಂಚು ಸಡಿಲವಾದರೆ ಬಿಸುಟು ಹೊಸದನ್ನು ಕೊಳ್ಳುತ್ತೇವೆ. ಒಂದು ಮಾದರಿಯ ಫೋನಿನ ಕವಚ ಮತ್ತೊಂದಕ್ಕೆ ಹೊಂದದು. ಆದಕಾರಣ ಫೋನು ಬದಲಾದಾಗ ಗಟ್ಟಿಮುಟ್ಟಾದ ಕವಚವೂ ಕಸವಾಗುತ್ತದೆ. ಇವುಗಳಲ್ಲಿ ಬಹುಪಾಲು ಪಾಲಿಯುರೇಥೇನ್, ಪಾಲಿಕಾರ್ಬೊನೇಟ್ ಅಥವಾ ಸಿಲಿಕೋನ್‌ನಿಂದ ಆದವು. ನಮಗೆ ಒಂದೆರಡು ವರ್ಷ ಉಪಯೋಗಕ್ಕೆ ಬಂದು, ನಮ್ಮ ಮಕ್ಕಳ ಕಾಲಕ್ಕೂ ಮಣ್ಣಿನಲ್ಲಿ ಹಾಗೆಯೇ ಉಳಿಯಬಲ್ಲವು.

ಇದಕ್ಕೆ ಪರಿಹಾರವಾಗಿ 'ಗೊಬ್ಬರವಾಗುವ ಕವಚ'ಗಳು ಮಾರುಕಟ್ಟೆಗೆ ಬಂದಿವೆ. ಅವುಗಳ ರಚನೆಯ ಮರ್ಮವನ್ನೂ, ಅವು ನಿಜವಾಗಿ ಎಲ್ಲಿ ಗೊಬ್ಬರವಾಗುತ್ತವೆ ಎಂಬುದನ್ನೂ ತಿಳಿದುಕೊಳ್ಳುವುದು ಗೃಹಸ್ಥರಾದ ನಮಗೆ ಅವಶ್ಯ.

ಅಗಸೆಯ ಕಡ್ಡಿಯಿಂದ

ಜೋಳದ ರೊಟ್ಟಿಯೊಡನೆ ಅಗಸೆಯ ಚಟ್ನಿಪುಡಿಯನ್ನು ಸವಿಯುವ ಉತ್ತರ ಕರ್ನಾಟಕದ ಮನೆಗಳಿಗೆ ಅಗಸೆ ಹೊಸದಲ್ಲ. ಕೆನಡಾ ದೇಶದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿಯೂ ಅದು ವಿಸ್ತಾರವಾಗಿ ಬೆಳೆಯುವ ಪೈರು. ಕಾಳು ಬಡಿದ ಮೇಲೆ ಉಳಿಯುವ ಅಗಸೆಯ ಕಡ್ಡಿ ಬಲು ಬಿರುಸು, ಬೇಗನೆ ಕೊಳೆಯದು. ಅಲ್ಲಿಯ ರೈತರು ಅನೇಕ ವೇಳೆ ಅದನ್ನು ಹೊಲದಲ್ಲಿಯೇ ಸುಟ್ಟುಬಿಡುತ್ತಾರೆ. ಆ ಪ್ರಾಂತ್ಯದವರಾದ ಜೆರೆಮಿ ಲ್ಯಾಂಗ್ ಎಂಬವರು ಈ ಕಡ್ಡಿಯ ಒಳಭಾಗದ ಚೂರನ್ನು ಗೊಬ್ಬರವಾಗಬಲ್ಲ ಪ್ಲಾಸ್ಟಿಕ್ಕಿನೊಡನೆ ಬೆರೆಸಿ ಫೋನಿನ ಕವಚ ಮಾಡುವ ಮಾರ್ಗವನ್ನು ಹಿಡಿದರು. 'ಪೇಲಾ' ಎಂಬ ಅವರ ಸಂಸ್ಥೆಯ ಕವಚಗಳಲ್ಲಿ ಅಗಸೆಯ ಚುಕ್ಕೆಗಳು ಕಣ್ಣಿಗೇ ಕಾಣುತ್ತವೆ. ಸುಡಬೇಕಾದ ಕಸವೊಂದು ಉಪಯುಕ್ತ ವಸ್ತುವಾದ ಬಗೆ ಇದು.

ವಿರುದ್ಧ ಗುಣಗಳ ಹೊಂದಾಣಿಕೆ

ಇಂತಹ ಕವಚವನ್ನು ರಚಿಸುವುದು ಸುಲಭದ ಕೆಲಸವಲ್ಲ. ಅದು ಅಂಗೈಯ ಬೆವರು, ಮಳೆಹನಿ, ಬಿಸಿಲುಗಳನ್ನು ವರ್ಷಗಟ್ಟಲೆ ತಾಳಬೇಕು. ಕೆಲಸ ಮುಗಿದ ಮೇಲೆ ಕೆಲವೇ ತಿಂಗಳಲ್ಲಿ ಸೂಕ್ಷ್ಮಜೀವಿಗಳಿಗೆ ಆಹಾರವಾಗಬೇಕು. ಈ ಬಗೆಯ ಪ್ಲಾಸ್ಟಿಕ್‌ಗಳಲ್ಲಿ ಪ್ರಸಿದ್ಧವಾದುದು ಪಾಲಿಲ್ಯಾಕ್ಟಿಕ್ ಆಮ್ಲ. ಮೊಸರಿಗೆ ಹುಳಿಯನ್ನು ಕೊಡುವ ಲ್ಯಾಕ್ಟಿಕ್ ಆಮ್ಲವೇ ಇದರ ಮೂಲ. ಮೆಕ್ಕೆಜೋಳದ ಪಿಷ್ಟವನ್ನೋ ಕಬ್ಬಿನ ಸಕ್ಕರೆಯನ್ನೋ ಹುದುಗಿಸಿ ಅದನ್ನು ಪಡೆಯುತ್ತಾರೆ. ಆದರೆ ಇದು ಗಡುಸು. ಬಿದ್ದರೆ ಬಿರುಕು ಬಿಡುತ್ತದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಮೆದುವಾಗುವುದರಿಂದ ಬೇಸಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಆಕಾರಗೆಡಲೂಬಹುದು. ಬಾಗುವ ಗುಣ ಬರಲೆಂದು ಪಿಬಿಎಟಿ ಎಂಬ ಮೆದು ಪ್ಲಾಸ್ಟಿಕ್ಕನ್ನು ಬೆರೆಸುವುದುಂಟು. ಇದು ಬಹುಮಟ್ಟಿಗೆ ಪೆಟ್ರೋಲಿಯಂ ಮೂಲದ್ದಾದರೂ ಸೂಕ್ಷ್ಮಜೀವಿಗಳು ಇದನ್ನು ಜೀರ್ಣಿಸಿಕೊಳ್ಳಬಲ್ಲವು. ಆದುದರಿಂದ 'ಸಸ್ಯಮೂಲದ್ದು' ಎಂಬುದೂ 'ಗೊಬ್ಬರವಾಗುವುದು' ಎಂಬುದೂ ಒಂದೇ ಅಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ದಪ್ಪದ ಪ್ರಶ್ನೆಯೂ ಇದೆ. ಫೋನು ಬಿದ್ದಾಗ ಪೆಟ್ಟು ಹೆಚ್ಚಾಗಿ ತಾಗುವುದು ಮೂಲೆಗಳಿಗೆ. ಅಲ್ಲಿ ಕವಚ ದಪ್ಪವಾಗಿದ್ದಷ್ಟೂ ರಕ್ಷಣೆ ಹೆಚ್ಚು. ಆದರೆ ದಪ್ಪ ಹೆಚ್ಚಿದಷ್ಟೂ ಕೊಳೆಯುವುದು ನಿಧಾನ. ಮೂಲೆಗಳಲ್ಲಿ ಗಾಳಿಯ ಟೊಳ್ಳುಗಳನ್ನು ಬಿಡುವುದು, ಗಾಜಿಗಿಂತ ಅಂಚನ್ನು ತುಸು ಎತ್ತರಿಸುವುದು ಮುಂತಾದ ಉಪಾಯಗಳಿಂದ ಕಡಿಮೆ ವಸ್ತುವಿನಲ್ಲಿಯೇ ರಕ್ಷಣೆ ಸಾಧಿಸಬೇಕಾಗುತ್ತದೆ. ಲೋಹದ ಉಂಗುರ, ಅಯಸ್ಕಾಂತಗಳನ್ನು ಅಂಟಿಸಿದರಂತೂ ಪಟ್ಟ ಶ್ರಮವೆಲ್ಲ ವ್ಯರ್ಥ.

ಯಾವ ತಿಪ್ಪೆಯಲ್ಲಿ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಯುರೋಪಿನ ಇಎನ್ 13432 ಎಂಬ ಮಾನದಂಡದ ಪ್ರಕಾರ ವಸ್ತುವು 12 ವಾರಗಳಲ್ಲಿ ಸಣ್ಣ ಚೂರುಗಳಾಗಬೇಕು, 6 ತಿಂಗಳೊಳಗೆ ಶೇಕಡಾ 90ರಷ್ಟು ಜೈವಿಕವಾಗಿ ವಿಘಟನೆ ಹೊಂದಬೇಕು, ಭಾರಲೋಹಗಳು ಮಿತಿಯೊಳಗಿರಬೇಕು, ಸಿದ್ಧವಾದ ಗೊಬ್ಬರದಲ್ಲಿ ಸಸಿ ಚೆನ್ನಾಗಿ ಬೆಳೆಯಬೇಕು. ಆದರೆ ಈ ಪರೀಕ್ಷೆ ಕಾರ್ಖಾನೆಯ ಮಾದರಿಯ ಗೊಬ್ಬರ ಘಟಕವನ್ನು ಗಮನದಲ್ಲಿಟ್ಟುಕೊಂಡದ್ದು. ಅಲ್ಲಿ ರಾಶಿಯ ಉಷ್ಣತೆ 58 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆ ಶಾಖ ಮತ್ತು ತೇವದಲ್ಲಿ ನೀರು ಮೊದಲು ಪಾಲಿಲ್ಯಾಕ್ಟಿಕ್ ಆಮ್ಲದ ಉದ್ದನೆಯ ಸರಪಳಿಗಳನ್ನು ತುಂಡರಿಸುತ್ತದೆ. ಅನಂತರವೇ ಸೂಕ್ಷ್ಮಜೀವಿಗಳು ಆ ತುಂಡುಗಳನ್ನು ತಿನ್ನುತ್ತವೆ.

ನಮ್ಮ ಹಿತ್ತಲಿನ ಸಣ್ಣ ಗುಂಡಿಯಲ್ಲಿ ಅಷ್ಟು ಶಾಖ ವಾರಗಟ್ಟಲೆ ನಿಲ್ಲುವುದು ಅಪರೂಪ. 'ಗೊಬ್ಬರವಾಗುತ್ತದೆ' ಎಂಬ ಮಾತನ್ನು ನಂಬಿ ಅಲ್ಲಿ ಹಾಕಿದ ಕವಚ ಮರುವರ್ಷ ಗೊಬ್ಬರದೊಡನೆ ಚೂರುಚೂರಾಗಿ ಹೊಲವನ್ನು ಸೇರಬಹುದು. ತಿಪ್ಪೆಗೆ ಹಾಕಿದ್ದು ಮರಳಿ ನಮ್ಮ ಅನ್ನದ ಮಣ್ಣಿಗೇ ಬರುತ್ತದೆ ಎಂಬುದನ್ನು ಒಕ್ಕಲುತನದ ಮನೆಗಳಿಗೆ ಹೇಳಬೇಕಾಗಿಲ್ಲ. ಪಟ್ಟಣದಲ್ಲಿ ಇದನ್ನು ಒಣಕಸಕ್ಕೆ ಸೇರಿಸಿದರೆ ಪ್ಲಾಸ್ಟಿಕ್ಕಿನ ಮರುಬಳಕೆಗೆ ಅಡ್ಡಿ. ಹಸಿಕಸಕ್ಕೆ ಹಾಕಿದರೆ ಪ್ಲಾಸ್ಟಿಕ್ಕೆಂದೇ ಆರಿಸಿ ಎಸೆಯುವ ಸಂಭವವಿದೆ.

ಕೊಳ್ಳುವ ಮುನ್ನ

ನಮ್ಮ ದೇಶದ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಗೊಬ್ಬರವಾಗುವ ಪ್ಲಾಸ್ಟಿಕ್ಕಿನ ತಯಾರಕರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆಯಬೇಕು. ಐಎಸ್/ಐಎಸ್‌ಒ 17088 ಎಂಬುದು ಇದಕ್ಕೆ ಅನ್ವಯಿಸುವ ಮಾನದಂಡ. 'ಪರಿಸರಸ್ನೇಹಿ', 'ಜೈವಿಕ' ಎಂಬ ಬರಿಯ ಮಾತುಗಳಿಗೆ ಮಾರುಹೋಗದೆ ಪೊಟ್ಟಣದ ಮೇಲೆ ಈ ಗುರುತುಗಳನ್ನು ಹುಡುಕಿರಿ. ಮನೆಯ ಗುಂಡಿಯಲ್ಲಿ ಕೊಳೆಯುವ ವಸ್ತುಗಳಿಗೆ ಬೇರೆಯೇ ಪ್ರಮಾಣಪತ್ರವುಂಟು. ಅದಿಲ್ಲದಿದ್ದರೆ ತಿಪ್ಪೆಗೆ ಹಾಕಬೇಡಿರಿ. ಹಳೆಯ ಕವಚವನ್ನು ತಯಾರಕರು ಮರಳಿ ಪಡೆಯುವರೇ ಎಂದು ಅಂಗಡಿಯಲ್ಲಿಯೇ ವಿಚಾರಿಸಿರಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿದ್ಧವಾಗಿರುತ್ತದೆ.

ಈಗ ಮನೆಯಲ್ಲಿರುವ ಕವಚ ಚೆನ್ನಾಗಿದ್ದರೆ ಅದನ್ನೇ ಸವೆಯುವತನಕ ಬಳಸುವುದು ಮೊದಲ ಕರ್ತವ್ಯ. ಇನ್ನೊಂದು ದಾರಿ ನಮ್ಮ ತಾಯಂದಿರ ಕೈಯಲ್ಲಿಯೇ ಇದೆ. ಹಳೆಯ ಬಟ್ಟೆಗಳನ್ನು ಪದರಪದರವಾಗಿ ಜೋಡಿಸಿ ಕೌದಿ ಹೊಲಿಯುವ ಕಲೆ ಉತ್ತರ ಕರ್ನಾಟಕದ ಮನೆಗಳಲ್ಲಿ ಇನ್ನೂ ಉಳಿದಿದೆ. ಅದೇ ರೀತಿಯಲ್ಲಿ ಹತ್ತಿಯ ಬಟ್ಟೆ, ಹತ್ತಿಯ ದಾರಗಳಿಂದ ಹೊಲಿದ ಪುಟ್ಟ ಚೀಲ, ಜೇಬಿನಲ್ಲೂ ಕೈಚೀಲದಲ್ಲೂ ಫೋನನ್ನು ಗೀರು ಪೆಟ್ಟುಗಳಿಂದ ಕಾಪಾಡುತ್ತದೆ. ಕೈಯಲ್ಲಿ ಹಿಡಿದು ಮಾತನಾಡುವಾಗ ಅದರ ಆಸರೆ ಇರದು, ನಿಜ. ಆದರೆ ಹರಿದು ಚಿಂದಿಯಾದ ದಿನ ಅದನ್ನು ಹಿತ್ತಲಿನ ಗುಂಡಿಗೆ ನಿಶ್ಚಿಂತೆಯಿಂದ ಹಾಕಬಹುದು. ಈ ರಜೆಯಲ್ಲಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದನ್ನು ಹೊಲಿದು ನೋಡಿರಿ.