‘ಗುಡ್ ವೆದರ್’ ಎಂದರೆ ಯಾರಿಗೆ ಗುಡ್?

ಇಂಟರ್ನ್‌ಶಿಪ್‌ನ ಮೂರನೇ ವಾರ ಆರನೇ ತರಗತಿಯ ಹುಡುಗನೊಬ್ಬನ ನೋಟ್‌ಬುಕ್‌ನಲ್ಲಿ ಒಂದು ಸಾಲಿನ ಕೆಳಗೆ ಕೆಂಪು ಗೀಟು ಎಳೆದೆ. ‘ಟುಡೇ ಗುಡ್ ವೆದರ್. ರೇನ್ ಈಸ್ ಕಮಿಂಗ್’ ಎಂದು ಅವನು ಬರೆದಿದ್ದ. ನನ್ನ ಪಾಠಯೋಜನೆಯಲ್ಲಿ ಸೂರ್ಯನ ಚಿತ್ರದ ಎದುರು ‘ಗುಡ್ ವೆದರ್’ ಇತ್ತು, ಮಳೆಯ ಚಿತ್ರದ ಎದುರು ‘ಬ್ಯಾಡ್ ವೆದರ್’ ಇತ್ತು. ಹುಡುಗ ಗೀಟು ನೋಡಿ, “ಮಿಸ್, ಮಳೆ ಬಂದ್ರೆ ಒಳ್ಳೇದಲ್ವಾ?” ಎಂದು ಕೇಳಿದ. “ಇಂಗ್ಲಿಷ್‌ನಲ್ಲಿ ಹಾಗೆ ಬರೆಯಲ್ಲ” ಎಂದು ಹೇಳಿ ಮುಂದಿನ ನೋಟ್‌ಬುಕ್ ತೆಗೆದುಕೊಂಡೆ.

ಮರುದಿನ ಅವನು ಶಾಲೆಗೆ ಬರಲಿಲ್ಲ. ಅವನಂತೆ ಇನ್ನೂ ಒಂಬತ್ತು ಮಕ್ಕಳು ಬಂದಿರಲಿಲ್ಲ. ಹಾಜರಿ ಕರೆಯುವಾಗ ಉಳಿದವರು ಕಾರಣ ಹೇಳಿದರು: “ಶೇಂಗಾ ಬಿತ್ತಾಕೆ ಹೋಗ್ಯಾರೆ ಮಿಸ್, ನಿನ್ನೆ ಹದ ಆತಲ್ಲ.”

ಅಂದು ಸಂಜೆ ಬಸ್ಸಿನಲ್ಲಿ ಕುಳಿತಾಗ ನಾನು ಹೇಳಿದ ಉತ್ತರ ಸುಳ್ಳೆಂದು ತಿಳಿಯಿತು. ಇಂಗ್ಲಿಷ್ ಮಾತನಾಡುವ ರೈತನೂ ಬರಗಾಲದ ನಂತರ ಬಂದ ಮಳೆಯನ್ನು ಒಳ್ಳೆಯದೆಂದೇ ಕರೆಯುತ್ತಾನೆ. ಹುಡುಗನ ವಾಕ್ಯದಲ್ಲಿ ವ್ಯಾಕರಣದ ತಪ್ಪುಗಳಿದ್ದವು. ನಾನು ತಿದ್ದಿದ್ದು ಅವುಗಳನ್ನಲ್ಲ, ಅವನ ಅಭಿಪ್ರಾಯವನ್ನು. ಈ ಲೇಖನ ಬರೆಯಲು ಆ ಕೆಂಪು ಗೀಟೇ ಕಾರಣ. ಹವಾಮಾನದ ಇಂಗ್ಲಿಷ್ ಪದಗಳನ್ನು ಕಲಿಸುವಾಗ ನಾವು ಚಿತ್ರಪಟದಿಂದ ಆರಂಭಿಸುವುದನ್ನು ಬಿಟ್ಟು ಮಕ್ಕಳ ಊರಿನ ಆಕಾಶದಿಂದ, ಅವರ ಬಾಯಲ್ಲಿ ಈಗಾಗಲೇ ಇರುವ ಕನ್ನಡದಿಂದ ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ.

ನನ್ನ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ನಾನು ಬಿ.ಎಸ್ಸಿ. ಓದಿ ಬಿ.ಇಡಿ.ಗೆ ಬಂದವಳು, ನನ್ನ ಬೋಧನಾ ವಿಷಯ ವಿಜ್ಞಾನ. ಇಂಟರ್ನ್‌ಶಿಪ್‌ಗೆ ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯ ಶಾಲೆ ಸಿಕ್ಕಿತು. ಅಲ್ಲಿನ ಇಂಗ್ಲಿಷ್ ಶಿಕ್ಷಕರು ತರಬೇತಿಗೆ ಹೋಗಿದ್ದರಿಂದ ಮುಖ್ಯ ಶಿಕ್ಷಕರು ಆರನೇ ತರಗತಿಯ ಇಂಗ್ಲಿಷ್ ಪೀರಿಯಡ್‌ಗಳನ್ನೂ ನನಗೆ ಕೊಟ್ಟರು. “ವೆದರ್ ಪಾಠ ಇದೆ, ನಿಮ್ಮ ವಿಜ್ಞಾನಕ್ಕೂ ಹೊಂದುತ್ತೆ, ಮಾಡಿ” ಎಂದರು. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ. ನಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ. ಚಳ್ಳಕೆರೆಯ ಸರಾಸರಿ 600 ಮಿ.ಮೀ. ಕೂಡ ಇಲ್ಲ. ನಮ್ಮ ಮನೆಯಲ್ಲಿ ಆಷಾಢದಲ್ಲಿ ಒಂದು ಗಂಟೆ ಹೊಳವಾದರೆ ಅಮ್ಮ ಒದ್ದೆ ಬಟ್ಟೆ ಹಿಡಿದು ಅಂಗಳಕ್ಕೆ ಓಡುತ್ತಾರೆ. ನನ್ನ ಪಾಲಿಗೆ ಬಿಸಿಲೇ ಒಳ್ಳೆಯ ಹವೆ. ಆ ಹುಡುಗನ ಪಾಲಿಗೆ ಮಳೆ. ಗೀಟು ಎಳೆಯುವಾಗ ಈ ವ್ಯತ್ಯಾಸ ನನ್ನ ತಲೆಗೇ ಬರಲಿಲ್ಲ.

ಮೊದಲ ಪಾಠಕ್ಕೆ ನಾನು ತಯಾರಿಸಿದ ಕಲಿಕೋಪಕರಣಗಳು ಆರು ಮಿಂಚುಪಟ್ಟಿಗಳು: ಸನ್ನಿ, ಕ್ಲೌಡಿ, ರೇನಿ, ವಿಂಡಿ, ಫಾಗಿ, ಸ್ನೋಯಿ. ಕೊನೆಯದಕ್ಕೆ ಹತ್ತಿ ಅಂಟಿಸಿ ಹಿಮದ ಬೊಂಬೆ ಮಾಡಿದ್ದೆ. ಅದಕ್ಕೇ ಒಂದು ಸಂಜೆ ಹಿಡಿಯಿತು. ವೀಕ್ಷಣೆಗೆ ಬಂದ ಉಪನ್ಯಾಸಕರು ಉಪಕರಣಕ್ಕೆ ಒಳ್ಳೆಯ ಅಂಕವನ್ನೇ ಕೊಟ್ಟರು. ತರಗತಿಯಲ್ಲಿ ಮಾತ್ರ ನಾನು ಸ್ನೋಯಿ ಪಟ್ಟಿ ತೋರಿಸಿದಾಗ ಮಕ್ಕಳು “ಮಂಜು” ಎಂದರು, ಫಾಗಿ ಪಟ್ಟಿ ತೋರಿಸಿದಾಗಲೂ “ಮಂಜು” ಎಂದರು. ಎರಡೂ ಸರಿ. ಕನ್ನಡದಲ್ಲಿ ಬೆಳಗಿನ ಹೊತ್ತು ರಸ್ತೆ ಕಾಣದಂತೆ ಕವಿಯುವುದೂ ಮಂಜು, ಹಿಮಾಲಯದ ಮೇಲೆ ಬೀಳುವುದೂ ಮಂಜು. ಇಂಗ್ಲಿಷ್ ಇದನ್ನು ಫಾಗ್, ಮಿಸ್ಟ್, ಸ್ನೋ ಎಂದು ಬಿಡಿಸುತ್ತದೆ. ಫಾಗ್ ಮತ್ತು ಮಿಸ್ಟ್ ನಡುವೆ ಹವಾಮಾನ ವಿಜ್ಞಾನ ಒಂದು ಅಳತೆಯನ್ನೂ ಇಟ್ಟಿದೆ: ಒಂದು ಕಿಲೋಮೀಟರಿಗಿಂತ ಕಡಿಮೆ ದೂರ ಕಂಡರೆ ಫಾಗ್, ಅದಕ್ಕಿಂತ ಹೆಚ್ಚು ಕಂಡರೆ ಮಿಸ್ಟ್. ಶಾಲೆಯ ಗೇಟಿನಿಂದ ನೋಡಿದರೆ ಊರಾಚೆಯ ನೀರಿನ ಟ್ಯಾಂಕ್ ಹೆಚ್ಚು ಕಡಿಮೆ ಒಂದು ಕಿಲೋಮೀಟರ್ ದೂರ. “ಮಂಜಿನ ದಿನ ಟ್ಯಾಂಕ್ ಕಂಡರೆ ಮಿಸ್ಟ್, ಕಾಣದಿದ್ದರೆ ಫಾಗ್” ಎಂದು ಹೇಳಿದ್ದರೆ ಹತ್ತಿ ಅಂಟಿಸುವ ಕೆಲಸವೇ ಇರುತ್ತಿರಲಿಲ್ಲ.

ಎರಡನೇ ಪೆಟ್ಟು ವಾಕ್ಯ ರಚನೆಯಲ್ಲಿ ಬಿತ್ತು. ‘ಇಟ್ ಈಸ್ ರೇನಿಂಗ್’ ಎಂದು ಹಲಗೆಯ ಮೇಲೆ ಬರೆದು ಎಲ್ಲರಿಂದ ಮೂರು ಸಲ ಹೇಳಿಸಿದೆ. ಮೂರನೇ ಸಲ ಮುಗಿಯುತ್ತಿದ್ದಂತೆ ಮುಂದಿನ ಸಾಲಿನ ಹುಡುಗಿ ಕೇಳಿದಳು: “ಇಟ್ ಅಂದ್ರೆ ಯಾವ್ದು ಮಿಸ್? ಮೋಡನಾ?” ನನ್ನ ಹತ್ತಿರ ಉತ್ತರವಿರಲಿಲ್ಲ. ಹಿಂದಿನ ವಾರವಷ್ಟೇ ‘ಇಟ್’ ಎಂದರೆ ‘ಅದು’ ಎಂದು ನಾನೇ ಕಲಿಸಿದ್ದೆ. ಕನ್ನಡದಲ್ಲಿ ಮಳೆ ತಾನೇ ಬರುತ್ತದೆ, ಬಿಸಿಲು ತಾನೇ ಬೀಳುತ್ತದೆ, ಗಾಳಿ ತಾನೇ ಬೀಸುತ್ತದೆ. ಎಲ್ಲದಕ್ಕೂ ಕರ್ತೃ ಇದೆ. ಇಂಗ್ಲಿಷ್‌ನಲ್ಲಿ ಆ ಜಾಗ ಖಾಲಿ ಇರುವಂತಿಲ್ಲ, ಆದ್ದರಿಂದ ಏನನ್ನೂ ಸೂಚಿಸದ ಒಂದು ‘ಇಟ್’ ಅಲ್ಲಿ ಕೂರುತ್ತದೆ. ‘ರೇನ್ ಈಸ್ ಕಮಿಂಗ್’ ಎಂದು ಮಕ್ಕಳು ಬರೆಯುವುದು ದಡ್ಡತನದಿಂದಲ್ಲ, ಅವರ ಭಾಷೆಯ ನಿಯಮದಂತೆ ಅದು ಸರಿಯಾದ ವಾಕ್ಯ. ಇಂಗ್ಲಿಷ್‌ನಲ್ಲಿ ಆ ಮಾತಿಗೆ ‘ಮಳೆ ಬರುವ ಹಾಗಿದೆ’ ಎಂಬ ಬೇರೆ ಅರ್ಥವಿದೆ ಅಷ್ಟೇ. ಎರಡು ಸಾಲುಗಳನ್ನೂ ಅಕ್ಕಪಕ್ಕ ಬರೆದು, ಮೊದಲನೆಯದಕ್ಕೆ ಕಪ್ಪು ಮೋಡ, ಎರಡನೆಯದಕ್ಕೆ ಬೀಳುವ ಹನಿ ಬಿಡಿಸಿ ತೋರಿಸಿದ ದಿನ ಇಡೀ ತರಗತಿಗೆ ಅದು ಅರ್ಥವಾಯಿತು. ಮೂರು ಸಲವಲ್ಲ, ಮೂವತ್ತು ಸಲ ಹೇಳಿಸಿದ್ದರೂ ಆಗುತ್ತಿರಲಿಲ್ಲ.

ಇಂಥ ಜೋಡಿಗಳು ಇನ್ನೂ ಇವೆ. ‘ನನಗೆ ಚಳಿ’ ಮತ್ತು ‘ನನಗೆ ಶೀತ’ ಎಂಬ ಎರಡು ಬೇರೆ ಮಾತುಗಳಿಗೆ ಇಂಗ್ಲಿಷ್‌ನಲ್ಲಿ ಒಂದೇ ‘ಕೋಲ್ಡ್’ ಇದೆ. ‘ಐ ಆ್ಯಮ್ ಕೋಲ್ಡ್’, ‘ಐ ಹ್ಯಾವ್ ಅ ಕೋಲ್ಡ್’ ಎಂದು ಕ್ರಿಯಾಪದ ನೋಡಿ ಅರ್ಥ ತಿಳಿಯಬೇಕು. ನಾವು ತಂಪು ಎನ್ನುವುದು ಹಿತವಾದದ್ದು, ಅದು ‘ಕೂಲ್’. ಅದೇ ರೀತಿ ‘ಹಾಟ್’ ಎಂಬ ಒಂದು ಪದದಡಿ ನಾವು ಬಿಸಿಲಿನ ಝಳವನ್ನೂ ಮೈ ಬೆವರುವ ಸೆಕೆಯನ್ನೂ ತುರುಕುತ್ತೇವೆ. ಇಲ್ಲಿ ವಿಜ್ಞಾನ ನನ್ನ ಸಹಾಯಕ್ಕೆ ಬಂತು. ಪ್ರಯೋಗಾಲಯದ ಎರಡು ತಾಪಮಾಪಕಗಳನ್ನು ತಂದು ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವ ಕಡೆ ತೂಗುಹಾಕಿದೆವು. ನೀರು ಆವಿಯಾಗುವಾಗ ಶಾಖ ಹೀರಿಕೊಳ್ಳುತ್ತದೆ, ಹಾಗಾಗಿ ಒದ್ದೆ ಬಟ್ಟೆಯದು ಕಡಿಮೆ ತೋರಿಸುತ್ತದೆ. ಗಾಳಿ ಒಣಗಿದ್ದಷ್ಟೂ ಎರಡರ ನಡುವಿನ ಅಂತರ ಹೆಚ್ಚು, ಗಾಳಿಯಲ್ಲಿ ನೀರಾವಿ ತುಂಬಿದ್ದಷ್ಟೂ ಕಡಿಮೆ. ಬಿಸಿಲಿನ ದಿನ ಅಂತರ ದೊಡ್ಡದಿತ್ತು, ಮಳೆ ನಿಂತ ಮಧ್ಯಾಹ್ನ ಚಿಕ್ಕದಾಯಿತು. “ಇವತ್ತು ಬಟ್ಟೆ ಒಣಗಲ್ಲ” ಎಂದಳು ಒಬ್ಬಳು. ‘ಹ್ಯುಮಿಡ್’ ಎಂಬ ಪದವನ್ನು ಆಗ ಹಲಗೆಯ ಮೇಲೆ ಬರೆದೆ. ಅರ್ಥ ಬರೆಯಲಿಲ್ಲ, ಅವರೂ ಕೇಳಲಿಲ್ಲ.

‘ಅಟ್ಮಾಸ್ಫಿಯರ್’ ವಿಷಯದಲ್ಲಿ ಮಾತ್ರ ಗೊಂದಲ ನಮ್ಮ ಕನ್ನಡದ್ದೇ. ಸಮಾಜ ವಿಜ್ಞಾನದಲ್ಲಿ ವೆದರ್‌ಗೆ ಹವಾಮಾನ, ಕ್ಲೈಮೇಟ್‌ಗೆ ವಾಯುಗುಣ, ಅಟ್ಮಾಸ್ಫಿಯರ್‌ಗೆ ವಾಯುಗೋಳ ಎಂದು ಕಲಿಸುತ್ತೇವೆ. ಹೊರಗೆ ಬಂದರೆ ಪತ್ರಿಕೆಗಳು ಕ್ಲೈಮೇಟ್ ಚೇಂಜ್ ಅನ್ನು ‘ಹವಾಮಾನ ಬದಲಾವಣೆ’ ಎನ್ನುತ್ತವೆ, ಜನ ಮೋಡ ನೋಡಿ ‘ವಾತಾವರಣ ಸರಿ ಇಲ್ಲ’ ಎನ್ನುತ್ತಾರೆ, ಪೋಷಕರು ‘ಶಾಲೆ ವಾತಾವರಣ ಚೆನ್ನಾಗಿದೆ’ ಎನ್ನುತ್ತಾರೆ. ಮಕ್ಕಳು ಮೂರನ್ನೂ ಕಲಸಿಕೊಂಡರೆ ಅವರನ್ನು ದೂರುವಂತಿಲ್ಲ. ನಾನು ಹೀಗೆ ಬಿಡಿಸಿದೆ: ಇವತ್ತು ಅಂಗಳದಲ್ಲಿ ಕಾಣುವುದು ವೆದರ್. ಈ ಊರಿನ ಮೂವತ್ತು ವರ್ಷಗಳ ದಿನಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆದರೆ ಕ್ಲೈಮೇಟ್. ಇವೆರಡೂ ನಡೆಯುವ, ಭೂಮಿಯನ್ನು ಸುತ್ತಿರುವ ಗಾಳಿಯ ಹೊದಿಕೆ ಅಟ್ಮಾಸ್ಫಿಯರ್. “ವೆದರ್ ನಿನ್ನೆಗೂ ಇವತ್ತಿಗೂ ಬದಲಾಗುತ್ತೆ. ಕ್ಲೈಮೇಟ್ ಬೇಕಾದರೆ ಅಜ್ಜನನ್ನು ಕೇಳಬೇಕು” ಎಂದೆ. ಒಬ್ಬ ಹುಡುಗ ನಿಜವಾಗಿಯೂ ಅಜ್ಜನನ್ನು ಕೇಳಿಕೊಂಡು ಬಂದ. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಖ ಎಂದು ಮಳೆಗಳ ಪಟ್ಟಿ ಬರೆದು ತಂದಿದ್ದ. ಒಂದೊಂದಕ್ಕೆ ಸುಮಾರು ಹದಿಮೂರು, ಹದಿನಾಲ್ಕು ದಿನ. ಯಾವ ಮಳೆಗೆ ಏನು ಬಿತ್ತಬೇಕು ಎಂಬ ಲೆಕ್ಕವೂ ಅದರಲ್ಲಿತ್ತು. ಪಾಠಯೋಜನೆಯ ‘ಪೂರ್ವಜ್ಞಾನ’ ಎಂಬ ಅಂಕಣದಲ್ಲಿ ನಾನು ಬರೆದಿದ್ದು ‘ಮಕ್ಕಳಿಗೆ ಮಳೆ, ಬಿಸಿಲು, ಚಳಿ ಗೊತ್ತಿದೆ’ ಎಂಬ ಒಂದು ಸಾಲು ಮಾತ್ರ.

ಆ ಪಟ್ಟಿಯ ನಂತರ ಘಟಕವನ್ನು ಮತ್ತೆ ಮೊದಲಿನಿಂದ ಮಾಡಿದೆ. ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ, ತಳದ ಉಬ್ಬುತಗ್ಗು ಮುಚ್ಚುವಷ್ಟು ಕಲ್ಲು, ನೀರು ಹಾಕಿ ಅಲ್ಲಿಂದ ಸೊನ್ನೆ ಗುರುತಿಸಿದೆವು. ಪಕ್ಕಕ್ಕೆ ಸ್ಕೇಲ್ ಅಂಟಿಸಿದರೆ ಮಳೆಮಾಪಕ ಸಿದ್ಧ. ಪ್ರಾರ್ಥನೆಗೆ ಮೊದಲು ಇಬ್ಬರು ಓದಿ, ಇಂಗ್ಲಿಷ್‌ನಲ್ಲಿ ಒಂದು ವಾಕ್ಯ ಬರೆಯಬೇಕು. ಭಾರತೀಯ ಹವಾಮಾನ ಇಲಾಖೆಯ ಪ್ರಕಾರ 24 ಗಂಟೆಯಲ್ಲಿ 15.5 ಮಿ.ಮೀ. ತನಕ ‘ಲೈಟ್ ರೇನ್’, 64.4 ತನಕ ‘ಮಾಡರೇಟ್’, 64.5ರಿಂದ ‘ಹೆವಿ’. ಒಂದು ಬೆಳಿಗ್ಗೆ ಮಾಪಕ 22 ಮಿ.ಮೀ. ತೋರಿಸಿತು. ಮಕ್ಕಳು ‘ಹೆವಿ ರೇನ್’ ಎಂದು ಬರೆಯಲು ಹೊರಟರು. ನಾನು ಪಟ್ಟಿ ತೋರಿಸಿದೆ. “ಇಲ್ಲ ಮಿಸ್, ಕಟ್ಟೆ ತುಂಬೈತೆ, ಇದು ಹೆವಿನೇ” ಎಂದು ವಾದಿಸಿದರು. ಕೊನೆಗೆ ‘ಇಟ್ ವಾಸ್ ಮಾಡರೇಟ್ ರೇನ್. ಫಾರ್ ಅವರ್ ವಿಲೇಜ್ ಇಟ್ ವಾಸ್ ಹೆವಿ’ ಎಂಬ ಎರಡು ವಾಕ್ಯಗಳಲ್ಲಿ ರಾಜಿಯಾಯಿತು. ಆ ಘಟಕದಲ್ಲಿ ಮಕ್ಕಳು ತಾವೇ ಬಯಸಿ ಕಟ್ಟಿದ ಮೊದಲ ಇಂಗ್ಲಿಷ್ ವಾಕ್ಯ ಅದು. ಹೇಳಲೇಬೇಕಾದ ಮಾತೊಂದು ಇದ್ದುದರಿಂದ ಅದಕ್ಕೆ ಭಾಷೆ ಬೇಕಾಯಿತು. ‘ಹದ ಮಳೆ’ಗೆ ಒಂದೇ ಇಂಗ್ಲಿಷ್ ಪದ ನಮಗೆ ಸಿಗಲಿಲ್ಲ. ‘ಎನಫ್ ರೇನ್ ಫಾರ್ ಸೋಯಿಂಗ್’ ಎಂದು ಬರೆದೆವು. ಪದ ಸಿಗದಿದ್ದರೆ ವಾಕ್ಯದಿಂದ ಹೇಳಬಹುದು ಎಂಬುದೂ ಭಾಷಾ ಪಾಠವೇ.

ಇದಕ್ಕೆ ಆಕ್ಷೇಪಗಳಿವೆ, ನಮ್ಮ ಚರ್ಚಾಕೂಟದಲ್ಲೇ ಬಂದವು. ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಬಳಸಿದರೆ ಮಕ್ಕಳು ಇಂಗ್ಲಿಷ್ ಯಾವಾಗ ಕೇಳುತ್ತಾರೆ ಎಂದು ಗೆಳತಿಯೊಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಇಡೀ ಪಾಠವನ್ನು ಕನ್ನಡಕ್ಕೆ ಅನುವಾದಿಸಿ ಮುಗಿಸುವುದನ್ನು ನಾನೂ ಒಪ್ಪುವುದಿಲ್ಲ. ಅರ್ಥ ಎಲ್ಲಿ ಕವಲೊಡೆಯುತ್ತದೋ ಅಲ್ಲಿ ಐದು ನಿಮಿಷ ಕನ್ನಡ, ಉಳಿದ ಸಮಯ ಇಂಗ್ಲಿಷ್ ಎಂಬುದು ನನ್ನ ಲೆಕ್ಕ. ಮಕ್ಕಳ ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲವಾಗಿ ನೋಡಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ. ನಾವು ಅದನ್ನು ಪರೀಕ್ಷೆಗೆ ಬರೆದು ಪಾಸಾಗಿ ಬಂದು ತರಗತಿಯಲ್ಲಿ ಮರೆಯುತ್ತೇವೆ. ಸ್ನೋ ಕಲಿಸುವುದೇ ಬೇಡವೇ ಎಂಬುದು ಇನ್ನೊಂದು ಪ್ರಶ್ನೆ. ಕಲಿಸಬೇಕು, ಆ ಮಕ್ಕಳಲ್ಲಿ ಯಾರಾದರೂ ನಾಳೆ ಲಡಾಖ್‌ನಲ್ಲಿ ಕೆಲಸ ಮಾಡಬಹುದು. ಆದರೆ ಅದು ಎಂಟನೆಯ ಪದವಾಗಲಿ, ಮೊದಲ ಪಟ್ಟಿಯ ಪದವಾಗುವುದು ಬೇಡ. ಮೂರನೆಯದು ಸಮಯದ ಮಾತು. ನನಗೆ ಎರಡು ಪೀರಿಯಡ್‌ನ ಪಾಠ ಐದು ಪೀರಿಯಡ್ ಹಿಡಿಯಿತು, ಮುಂದಿನ ಪದ್ಯವನ್ನು ಅವಸರದಲ್ಲಿ ಮುಗಿಸಬೇಕಾಯಿತು. ಅದನ್ನು ಮುಚ್ಚಿಡುವುದಿಲ್ಲ. ವಿಜ್ಞಾನದ ಪೀರಿಯಡ್ ಕೂಡ ನನ್ನ ಕೈಯಲ್ಲಿದ್ದುದರಿಂದ ಹೊಂದಿಸಲು ಸಾಧ್ಯವಾಯಿತು. ಇಬ್ಬರು ಶಿಕ್ಷಕರಿದ್ದರೆ ಅವರು ಮೊದಲೇ ಕೂತು ಮಾತಾಡಿಕೊಳ್ಳಬೇಕಾಗುತ್ತದೆ.

ಮುಂದಿನ ತಂಡದಲ್ಲಿ ಇಂಟರ್ನ್‌ಶಿಪ್‌ಗೆ ಹೋಗುವವರಿಗೆ ನನ್ನ ಕೋರಿಕೆ ಇಷ್ಟೇ. ಮಿಂಚುಪಟ್ಟಿ ಕತ್ತರಿಸುವ ಮೊದಲು ಊರಿನಲ್ಲಿ ಒಂದು ಸುತ್ತು ಹಾಕಿ, ಈಗ ಯಾವ ಮಳೆ ನಡೆಯುತ್ತಿದೆ, ಜನ ಅದನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿ. ಶಾಲೆಯ ನಲಿಕಲಿ ಕೊಠಡಿಗೆ ಹೋಗಿ ಗೋಡೆಯ ಹವಾಮಾನ ನಕ್ಷೆ ನೋಡಿ. ನಿಮ್ಮ ಮಕ್ಕಳು ಚಿಕ್ಕವರಿದ್ದಾಗಲೇ ಅದರಲ್ಲಿ ದಿನವೂ ಆಕಾಶವನ್ನು ಗುರುತು ಹಾಕಿ ಬಂದವರು. ಪಾಠಯೋಜನೆಯ ಪೂರ್ವಜ್ಞಾನದ ಅಂಕಣಕ್ಕೆ ಒಂದು ಸಾಲಲ್ಲ, ಅರ್ಧ ಪುಟ ಕೊಡಿ. ವೀಕ್ಷಣೆಗೆ ಬರುವ ನಮ್ಮ ಉಪನ್ಯಾಸಕರಲ್ಲೂ ವಿನಂತಿ: ಉಪಕರಣದ ಅಂದಕ್ಕೆ ಕೊಡುವ ಅಂಕದಲ್ಲಿ ಒಂದೆರಡನ್ನು ಈ ಅರ್ಧ ಪುಟಕ್ಕೆ ಎತ್ತಿಡಿ.

ಬಿತ್ತನೆ ಮುಗಿಸಿ ಮೂರು ದಿನಗಳ ನಂತರ ಆ ಹುಡುಗ ಶಾಲೆಗೆ ಬಂದ. ನೋಟ್‌ಬುಕ್ ತರಿಸಿಕೊಂಡು ನನ್ನ ಕೆಂಪು ಗೀಟಿನ ಮೇಲೆ ಅಡ್ಡಗೆರೆ ಎಳೆದು, ‘ಇಟ್ ಈಸ್ ರೇನಿಂಗ್. ಇಟ್ ಈಸ್ ಗುಡ್ ವೆದರ್ ಫಾರ್ ಸೋಯಿಂಗ್’ ಎಂದು ಪಕ್ಕದಲ್ಲಿ ಬರೆದುಕೊಟ್ಟೆ. “ನಿನ್ನ ಮಾತು ಸರಿ ಇತ್ತು, ವಾಕ್ಯ ಮಾತ್ರ ಸ್ವಲ್ಪ ತಿದ್ದಬೇಕಿತ್ತು. ತಪ್ಪು ನನ್ನದು” ಎಂದೆ. ಅವನು ಓದಿಕೊಂಡು, “ಸೋಯಿಂಗ್ ಅಂದ್ರೆ ಬಿತ್ತೋದಾ ಮಿಸ್?” ಎಂದ. ಹೌದೆಂದೆ. ಎಷ್ಟು ಎಕರೆ ಬಿತ್ತಿದಿರಿ ಎಂದು ಇಂಗ್ಲಿಷ್‌ನಲ್ಲಿ ಕೇಳಿದೆ. “ತ್ರೀ ಎಕರೆ ಸೋಯಿಂಗ್, ಮಿಸ್” ಎಂದು ಹೇಳಿ ತನ್ನ ಜಾಗಕ್ಕೆ ಹೋಗಿ ಕುಳಿತ.