ಇನ್ನೆರಡು ಗಂಟೆ ಗಾಳಿಗಿಡಿ!

ಕೆಟ್ಟ ಅಡುಗೆಯನ್ನು ಕೆಟ್ಟ ಅಡುಗೆ ಎನ್ನಲು ನಮ್ಮ ಜನ ಒಂದು ಕ್ಷಣವೂ ತಡೆಯುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಮೊದಲ ತುತ್ತಿಗೇ ಮುಖ ಸಿಂಡರಿಸುತ್ತಾರೆ. "ಪರವಾಗಿಲ್ಲಮ್ಮ, ಇನ್ನೆರಡು ಗಂಟೆ ಬಿಟ್ಟು ಬಡಿಸು, ಸರಿಹೋಗುತ್ತೆ" ಎಂದು ಯಾವ ಗಂಡಸೂ ಹೇಳಿದ್ದನ್ನು ನಾನು ಈ ಐವತ್ತು ಚಿಲ್ಲರೆ ವರ್ಷಗಳಲ್ಲಿ ಕೇಳಿಲ್ಲ. ಆದರೆ ಸಾವಿರಾರು ರೂಪಾಯಿ ತೆತ್ತು ತಂದ ಕೆಂಪು ವೈನು ಬಾಯಿಗಿಟ್ಟರೆ ಒಗರು, ಗಂಟಲಿಗಿಳಿದರೆ ಉರಿ ಎಂದಾದಾಗ ಮಾತ್ರ ಇದೇ ಜನಕ್ಕೆ ಎಲ್ಲಿಲ್ಲದ ಸಹನೆ ಬಂದುಬಿಡುತ್ತದೆ. "ವೈನು ಚೆನ್ನಾಗೇ ಇದೆ, ಇನ್ನೂ ಉಸಿರಾಡಬೇಕು, ಗಾಜಿನ ಹೂಜಿಗೆ ಸುರಿದು ಗಾಳಿಗಿಡಿ" ಎನ್ನುತ್ತಾರೆ. ನನ್ನ ಜಗಳ ಈ ಮಾತಿನ ಮೇಲೆ.

ಕನ್ನಡ ಶಾಲೆಯ ಮೇಷ್ಟ್ರಮ್ಮನಿಗೆ ವೈನಿನ ಉಸಾಬರಿ ಏಕೆ ಎಂದು ಹುಬ್ಬೇರಿಸುವವರುಂಟು. ಕುಡಿಯಿರಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವಂಥ ಅಳತೆಯೇ ಮದ್ಯಕ್ಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿರುವುದೂ ನನಗೆ ಗೊತ್ತು. ಆದರೆ ಕಣ್ಣು ಮುಚ್ಚಿಕೊಂಡರೆ ವಸ್ತು ಇಲ್ಲದಾಗುವುದಿಲ್ಲವಲ್ಲ. ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ. ಅದೇ ವರ್ಷ ಸರ್ಕಾರ ದ್ರಾಕ್ಷಾರಸ ನೀತಿಯನ್ನೂ ತಂದಿತು. ನಂದಿಬೆಟ್ಟದ ತಪ್ಪಲಲ್ಲೂ ವಿಜಯಪುರ, ಬಾಗಲಕೋಟೆಗಳ ಕಡೆಯೂ ವೈನಿಗೆಂದೇ ದ್ರಾಕ್ಷಿ ಬೆಳೆಯುತ್ತಾರೆ. ನಮ್ಮ ನಿಮ್ಮ ಮಕ್ಕಳ ಮನೆಯ ಊಟದ ಮೇಜಿಗೆ ಆ ಸೀಸೆ ಬಂದು ಕೂತಿದೆ. ಕೊಳ್ಳುವವಳು, ಬಡಿಸುವವಳು, ಕೊನೆಗೆ ಚೆನ್ನಾಗಿಲ್ಲ ಎನಿಸಿಕೊಳ್ಳುವವಳು ಎಷ್ಟೋ ಸಲ ನಮ್ಮ ಮಗಳೇ.

ಮೊದಲು ಇದು ಏನೆಂದು ನೋಡೋಣ. ಇಂಗ್ಲಿಷಿನವರು ಡಿಕ್ಯಾಂಟಿಂಗ್ ಎಂದು ದೊಡ್ಡದಾಗಿ ಹೇಳುವುದಕ್ಕೆ ನಮ್ಮಲ್ಲಿ ತಿಳಿ ಬಸಿಯುವುದು ಎಂಬ ಸುಲಭವಾದ ಮಾತಿದೆ. ಬೆಣ್ಣೆ ಕಾಸಿದ ಮೇಲೆ ಗಸಿ ಕದಡದಂತೆ ತುಪ್ಪವನ್ನು ಬೇರೆ ಪಾತ್ರೆಗೆ ಬಗ್ಗಿಸುವುದಿಲ್ಲವೇ? ಹಾಗೆಯೇ ಇದು. ಹಲವು ವರ್ಷ ಇಟ್ಟ ಕೆಂಪು ವೈನಿನ ತಳದಲ್ಲಿ ಗಸಿ ಕೂರುತ್ತದೆ. ಸೀಸೆಯನ್ನು ಮುಂಚೆಯೇ ನೆಟ್ಟಗೆ ನಿಲ್ಲಿಸಿ, ಅದರ ಕತ್ತಿನ ಹಿಂದೆ ಮೋಂಬತ್ತಿ ಹಿಡಿದು, ಗಸಿ ಬರುವುದು ಕಂಡೊಡನೆ ನಿಲ್ಲಿಸುವ ಹಾಗೆ ಮೆಲ್ಲಗೆ ಬಸಿಯುವುದು ಹಳೆಯ ಪದ್ಧತಿ. ಅದರ ಬಗ್ಗೆ ನನ್ನ ತಕರಾರಿಲ್ಲ. ಗಸಿಯಿಲ್ಲದ, ಮೊನ್ನೆ ಮೊನ್ನೆ ಅಂಗಡಿಗೆ ಬಂದ ವೈನನ್ನೂ ಗಂಟೆಗಟ್ಟಲೆ ಹೂಜಿಯಲ್ಲಿ ಬಿಟ್ಟು, ಗಾಳಿ ತಾಗಿ ಇದು ಬೇರೆಯೇ ಆಗುತ್ತದೆ ಎಂದು ಕಾಯುತ್ತಾ ಕೂರುತ್ತಾರಲ್ಲ, ತಕರಾರು ಅದರದು.

ಗಾಳಿಗೆ ಏನೂ ಶಕ್ತಿಯಿಲ್ಲ ಎಂದು ನಾನು ವಾದಿಸಲಾರೆ. ಅದು ಸುಳ್ಳಾದೀತು. ಸೀಸೆಯೊಳಗೆ ಗಾಳಿಯಿಲ್ಲದೆ ಮುಚ್ಚಿಕೊಂಡಿದ್ದ ವೈನಿನಲ್ಲಿ ಕೆಲವೊಮ್ಮೆ ಗಂಧಕದ ವಾಸನೆ ಇರುತ್ತದೆ. ಕೊಳೆತ ಮೊಟ್ಟೆಯ ನಾತ ಬರುವ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಎಷ್ಟೋ ಸಲ ಹೂಜಿಯಲ್ಲಿ ಅರ್ಧ ಗಂಟೆ ಇಟ್ಟರೆ ಹಾರಿಹೋಗುತ್ತದೆ. ನಾಲಿಗೆಯ ಮೇಲೆ ಚುಳುಚುಳು ಎನ್ನುವ ಇಂಗಾಲದ ಅನಿಲವಿದ್ದರೆ ಅದೂ ಹೋಗುತ್ತದೆ. ಎಳೆಯದಾಗಿ ಗಟ್ಟಿಯಾಗಿರುವ ಒಳ್ಳೆಯ ವೈನಿನ ವಾಸನೆ ಗಾಳಿ ಕಂಡು ಅರಳುವುದೂ ಉಂಟು. ಇಟಲಿಯ ಬರೋಲೋ ಎಂಬ ವೈನನ್ನು ಕನಿಷ್ಠ 38 ತಿಂಗಳು ಮಾಗಿಸದೆ ಮಾರುವಂತಿಲ್ಲ ಎಂಬ ನಿಯಮವೇ ಇದೆ. ಅಷ್ಟಾದರೂ ಅದು ಬಿಗಿಯಾಗಿರುತ್ತದೆ, ಹೂಜಿಗೆ ಸುರಿದು ಕಾಯಬೇಕು ಎನ್ನುವವರಿದ್ದಾರೆ. ಒಪ್ಪೋಣ.

ಆದರೆ ಗಮನಿಸಿ. ಇಲ್ಲೆಲ್ಲ ಗಾಳಿ ಮಾಡಿದ್ದು ಎರಡೇ ಕೆಲಸ: ಬೇಡದ ವಾಸನೆಯನ್ನು ಓಡಿಸಿತು, ಒಳಗೆ ಇದ್ದದ್ದನ್ನು ಹೊರಗೆ ತಂದಿತು. ಒಳಗೆ ಇಲ್ಲದ್ದನ್ನು ಅದು ಎಲ್ಲಿಂದ ತರಬೇಕು?

ಇದನ್ನು ತಿಳಿಯಲು ನಮಗೆ ಫ್ರಾನ್ಸಿಗೆ ಹೋಗುವ ಅಗತ್ಯವಿಲ್ಲ. ಕಾಯುವುದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಅಡುಗೆಮನೆಯಲ್ಲಿ ನಿಂತವಳಿಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು? ರಾತ್ರಿಯ ಹುಳಿ ಬೆಳಿಗ್ಗೆಗೆ ರುಚಿ, ನಿಜ. ಆದರೆ ಬೇಳೆಯನ್ನೇ ಹಾಕದ ಹುಳಿ ಬೆಳಗಾದರೂ ನೀರೇ. ದೋಸೆ ಹಿಟ್ಟಿಗೆ ಉದ್ದು ಕಡಿಮೆ ಬಿದ್ದಿದ್ದರೆ ಇನ್ನೊಂದು ರಾತ್ರಿ ಇಟ್ಟು ನೋಡಿ. ಹುಳಿ ಏರುತ್ತದೆ, ದೋಸೆ ಮೆದುವಾಗುವುದಿಲ್ಲ. ಕಾಫಿ ಡಿಕಾಕ್ಷನ್ ಹೊತ್ತು ಕಳೆದಂತೆ ಘಮವನ್ನು ಕಳೆದುಕೊಳ್ಳುತ್ತದೆಯೇ ಹೊರತು ಗಳಿಸಿಕೊಳ್ಳುವುದಿಲ್ಲ. ಚಿಕೋರಿ ಹೆಚ್ಚಾದ ಪುಡಿಯಿಂದ ಇಳಿಸಿದ ಡಿಕಾಕ್ಷನ್ನನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಎರಡು ಗಂಟೆ ಇಟ್ಟರೆ ಅದು ಚಿಕ್ಕಮಗಳೂರಿನ ಒಳ್ಳೆಯ ಬೀಜದ ಕಾಫಿಯಾದೀತೇ?

ಇನ್ನು ಒಗರು. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದಲೂ ಮಾಗಿಸುವ ಮರದ ಪೀಪಾಯಿಯಿಂದಲೂ ಬರುವ ಟ್ಯಾನಿನ್ ಎಂಬ ಅಂಶವೇ ಅದಕ್ಕೆ ಕಾರಣ. ಅಡಿಕೆಯಲ್ಲಿ, ನೇರಳೆಹಣ್ಣಿನಲ್ಲಿ, ಹೆಚ್ಚು ಕುದಿಸಿದ ಚಹಾದಲ್ಲಿ ನಾಲಿಗೆ ಬಿಗಿಯುವುದೂ ಇದರಿಂದಲೇ. ಅದು ಎಂಜಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಬಾಯಿ ಒಣಗಿದಂತಾಗುತ್ತದೆ. ಚಹಾಕ್ಕೆ ಹಾಲು ಬೆರೆಸಿದರೆ ಒಗರು ತಗ್ಗುವುದೂ ಹಾಲಿನ ಪ್ರೋಟೀನು ಅದನ್ನು ಹಿಡಿದುಕೊಳ್ಳುವುದರಿಂದ. ವೈನಿನ ಒಗರು ಮೆತ್ತಗಾಗಲು ವರ್ಷಗಳು ಬೇಕು. ಹೂಜಿಯಲ್ಲಿ ಕಳೆಯುವ ಎರಡು ಮೂರು ಗಂಟೆ ಅದಕ್ಕೆ ಯಾವ ಲೆಕ್ಕ? ಬಿಸಿಲು ಹೆಚ್ಚಿರುವ ನಾಡಿನಲ್ಲಿ ಇನ್ನೊಂದು ತೊಡಕಿದೆ. ಹಣ್ಣಿಗೆ ಸಕ್ಕರೆ ಬೇಗ ತುಂಬುತ್ತದೆ, ಬೀಜ ಸಿಪ್ಪೆಗಳು ಎಳಸಾಗಿಯೇ ಉಳಿಯುತ್ತವೆ. ಆಗ ಕಿತ್ತರೆ ಆಲ್ಕೋಹಾಲು ಜೋರು, ಒಗರು ಹಸಿ. ಇದು ತೋಟದಲ್ಲಿ ಆದ ದೋಷ. ಊಟದ ಮೇಜಿನ ಮೇಲೆ ಅದಕ್ಕೆ ಪರಿಹಾರ ಸಿಗದು.

ಬಿರಟೆಯ ದೋಷವೆಂಬುದೊಂದಿದೆ. ಒದ್ದೆಯಾದ ರಟ್ಟಿನ, ಮುಗ್ಗಲು ಹಿಡಿದ ಗೋಣಿಯ ವಾಸನೆ ಬರುತ್ತದೆ. ಟ್ರೈಕ್ಲೋರೋಅನಿಸೋಲ್ ಎಂಬ ವಸ್ತು ಇದಕ್ಕೆ ಕಾರಣವೆಂದು 1980ರ ದಶಕದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಕಂಡುಕೊಂಡರು. ಅದು ಗಾಳಿಗಿಟ್ಟರೆ ಹೋಗುವಂಥದ್ದಲ್ಲ. ವಿನಿಗರ್ ವಾಸನೆ ಬಂದಿದ್ದರೆ ಗಾಳಿಯೇ ಅದರ ಗೆಳೆಯ, ಏಕೆಂದರೆ ಹುಳಿ ಹಿಡಿಸುವ ಬ್ಯಾಕ್ಟೀರಿಯಾ ಬದುಕುವುದೇ ಆಮ್ಲಜನಕದಿಂದ. ಇವೆರಡಕ್ಕಿಂತ ನಮ್ಮ ಕಡೆ ಹೆಚ್ಚು ಭಯಪಡಬೇಕಾದದ್ದು ಸೆಕೆಗೆ. ವೈನನ್ನು ಇಡಬೇಕಾದದ್ದು 12ರಿಂದ 15 ಡಿಗ್ರಿಯ ತಂಪಿನಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಗಳಲ್ಲಿ 40 ಡಿಗ್ರಿ ದಾಟುತ್ತದೆ. ತಗಡಿನ ಷೆಡ್ಡಿನಲ್ಲೋ ಬಿಸಿಲು ಬೀಳುವ ಗಾಜಿನ ಬೀರುವಿನಲ್ಲೋ ವಾರಗಟ್ಟಲೆ ಬೆಂದ ಸೀಸೆಯಲ್ಲಿ ಹಣ್ಣಿನ ಗುಣ ಎಲ್ಲಿ ಉಳಿದೀತು? ಬೆಂದದ್ದನ್ನು ಹಸಿ ಮಾಡುವ ವಿದ್ಯೆ ಯಾರಿಗೂ ಬಾರದು.

ಕಾದು ಕೆಟ್ಟವರ ದೊಡ್ಡ ಕತೆಯೊಂದು ಫ್ರಾನ್ಸಿನಲ್ಲೇ ನಡೆದಿದೆ. ಬೋರ್ಡೋ ಪ್ರಾಂತದಲ್ಲಿ 1972, 73, 74ರ ಮೂರು ಬೆಳೆಗಳೂ ಸಪ್ಪೆಯಾಗಿದ್ದವು. 1975ರಲ್ಲಿ ಬಿಸಿಲು ಚೆನ್ನಾಗಿ ಬಿದ್ದು, ದಪ್ಪ ಸಿಪ್ಪೆಯ ದ್ರಾಕ್ಷಿ ಬಂತು. ವೈನಿನಲ್ಲಿ ವಿಪರೀತ ಒಗರು. ಇದು ಬಹುಕಾಲ ಬಾಳುವ ವೈನು, ತಾಳ್ಮೆಯಿಂದ ಇಟ್ಟವರಿಗೆ ಫಲವುಂಟು ಎಂದರು. ಜನ ನೆಲಮಾಳಿಗೆಗಳಲ್ಲಿ ಇಟ್ಟು ಹತ್ತು ವರ್ಷ, ಇಪ್ಪತ್ತು ವರ್ಷ ಕಾದರು. ಕೆಲವು ತೋಟಗಳದು ನಿಜವಾಗಿಯೂ ಚೆನ್ನಾಗಿ ಬಂತು. ಆದರೆ ಬಹಳಷ್ಟು ಸೀಸೆಗಳಲ್ಲಿ ಒಗರು ಕರಗುವ ಮುಂಚೆ ಹಣ್ಣಿನ ಸಾರವೇ ಒಣಗಿಹೋಗಿತ್ತು. ವರ್ಷಗಟ್ಟಲೆ ಕಾದರೂ ಹೀಗಾಗುವುದುಂಟು ಎಂದ ಮೇಲೆ ಇನ್ನೆರಡು ಗಂಟೆಯ ಮಾತಿಗೆ ಏನು ಬೆಲೆ?

"ಆದರೂ ನಾನೇ ಕಣ್ಣಾರೆ ಕಂಡಿದ್ದೇನೆ, ರಾತ್ರಿ ಹತ್ತರ ಹೊತ್ತಿಗೆ ಎಷ್ಟು ಮೆದುವಾಗಿತ್ತು ಗೊತ್ತೇ?" ಎನ್ನುವವರಿದ್ದಾರೆ. ಆಗಿರಬಹುದು, ಆದರೆ ಬದಲಾದದ್ದು ಯಾವುದು? ಅಷ್ಟರಲ್ಲಿ ಎರಡು ಲೋಟ ಒಳಗೆ ಹೋಗಿರುತ್ತದೆ. ಉಪ್ಪು, ಜಿಡ್ಡು, ಪನೀರು, ಮಾಂಸ ಬಾಯಿಗೆ ಬಿದ್ದಿರುತ್ತದೆ. ಒಗರಿನ ಬಿಗಿ ಕಡಿಮೆಯೆನಿಸಲು ಅಷ್ಟು ಸಾಕು. ನಾಲಿಗೆ ರೂಢಿಯಾಗಿರುತ್ತದೆ. ಕಾದು ಕೂತವನಿಗೆ ಕಾದದ್ದು ಸಾರ್ಥಕವಾಯಿತು ಎನಿಸಬೇಕೆಂಬ ಆಸೆಯೂ ಇರುತ್ತದೆ.

ಪರೀಕ್ಷೆ ಸುಲಭ. ಪಬ್ಲಿಕ್ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ನಮಗೆ ಹುಡುಗರ ಹೆಸರು ತಿಳಿಸುವುದಿಲ್ಲ. ಇಲ್ಲೂ ಅದನ್ನೇ ಮಾಡಿ. ಅರ್ಧ ಸೀಸೆಯನ್ನು ಹೂಜಿಗೆ ಸುರಿದು, ಉಳಿದರ್ಧಕ್ಕೆ ಬಿರಟೆ ಹಾಕಿಡಿ. ಎರಡು ಗಂಟೆಯ ನಂತರ ಇನ್ನೊಬ್ಬರ ಕೈಯಲ್ಲಿ ಒಂದೇ ಥರದ ಲೋಟಗಳಿಗೆ ಸುರಿಸಿ, ಯಾವುದು ಯಾವುದೆಂದು ಹೇಳದೆ ಮುಂದಿಡಿಸಿ. ಉಸಿರಾಟದ ಪಂಡಿತರು ಗುರುತು ಹಿಡಿಯಲಿ ನೋಡೋಣ.

ಇದು ನನ್ನೊಬ್ಬಳ ಹಟವಲ್ಲ. ಬೋರ್ಡೋ ವಿಶ್ವವಿದ್ಯಾಲಯದಲ್ಲಿ ವೈನಿನ ವಿಜ್ಞಾನ ಕಲಿಸುತ್ತಿದ್ದ ಎಮಿಲ್ ಪೇನೋ (1912–2004) ವೈನಿನ ರುಚಿಯ ಬಗ್ಗೆ 1980ರಲ್ಲಿ ಒಂದು ಪುಸ್ತಕ ಬರೆದರು. ಗಸಿಯಿದ್ದರೆ ಮಾತ್ರ ಬಸಿಯಿರಿ, ಅದನ್ನೂ ಬಡಿಸುವ ಸ್ವಲ್ಪ ಮುಂಚೆ ಮಾಡಿ, ಹೆಚ್ಚು ಹೊತ್ತು ಗಾಳಿಗಿಟ್ಟರೆ ವಾಸನೆ ಮಸುಕಾಗುತ್ತದೆ ಎಂಬುದು ಅವರ ನಿಲುವು. ಬೇರೆ ದೋಷವೇನಾದರೂ ಇದ್ದರೆ ಬಟ್ಟಲಿನಲ್ಲೇ ತಿರುಗಿಸಿ ಗಾಳಿ ತಾಗಿಸಬಹುದಲ್ಲ! ಬಿರಟೆ ತೆಗೆದು ಸೀಸೆಯನ್ನು ಹಾಗೇ ಇಟ್ಟು "ಉಸಿರಾಡುತ್ತಿದೆ" ಎನ್ನುವುದಂತೂ ತಮಾಷೆಯೇ. ನಾಣ್ಯದಗಲದ ಬಾಯಿಯಿಂದ ಎಷ್ಟು ಗಾಳಿ ಒಳಹೋದೀತು?

ಇಷ್ಟಕ್ಕೇ ಆಗಿದ್ದರೆ ಅವರವರ ನಂಬಿಕೆ ಎಂದು ಸುಮ್ಮನಿರುತ್ತಿದ್ದೆ. ಸುಮ್ಮನಿರಲಾಗದಂತೆ ಮಾಡಿದ್ದು ನನ್ನ ಮಗಳ ಮನೆಯಲ್ಲಿ ಕಂಡದ್ದು. ಅಳಿಯನ ಆಫೀಸಿನ ನಾಲ್ಕು ಜನಕ್ಕೆ ಊಟ. ಮಗಳು ತನ್ನ ಸಂಬಳದಲ್ಲಿ ಎರಡು ಸಾವಿರ ಕೊಟ್ಟು ಒಂದು ಸೀಸೆ ತಂದಿದ್ದಳು. ಏಳು ಗಂಟೆಗೆ ತೆಗೆದರು. ನಾನೂ ಒಂದು ಚಮಚದಷ್ಟು ನಾಲಿಗೆಗೆ ಮುಟ್ಟಿಸಿ ನೋಡಿದೆ. ಒಗರು, ಅದರ ಬೆನ್ನಿಗೇ ಉರಿ, ಹಣ್ಣಿನ ಸುಳಿವೇ ಇಲ್ಲ. ಬಂದವರಲ್ಲಿ ಒಬ್ಬ ಮಹಾಶಯ, "ಮಧ್ಯಾಹ್ನವೇ ತೆಗೆದಿಡಬೇಕಿತ್ತು ಮೇಡಂ" ಎಂದ. ಎಂಟೂವರೆಗೆ "ಇನ್ನೂ ಸ್ವಲ್ಪ ಬಿಡಿ" ಎಂದ. ಹತ್ತು ಗಂಟೆಗೆ ಬಾಯಿಗಿಟ್ಟು, "ಛೆ, ಈಗ ಹೆಚ್ಚು ಹೊತ್ತು ಬಿಟ್ಟುಬಿಟ್ಟಿರಿ" ಎಂದ! ಬೇಗ ತೆಗೆಯದಿದ್ದದ್ದೂ ಅವಳ ತಪ್ಪು, ಹೆಚ್ಚು ಹೊತ್ತು ಬಿಟ್ಟದ್ದೂ ಅವಳ ತಪ್ಪು. ಮಾಡಿದವನ ತಪ್ಪು, ಮಾರಿದವನ ತಪ್ಪು ಎಂಬ ಮಾತು ಆ ಮೂರು ಗಂಟೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ಪಾತ್ರೆ ತೊಳೆಯುವಾಗ ಮಗಳು, "ಅಮ್ಮ, ನಾನು ಮಧ್ಯಾಹ್ನವೇ ತೆಗೀಬೇಕಿತ್ತೇನೋ" ಎಂದಳು. "ಎರಡು ದಿನ ಮುಂಚೆ ತೆಗೆದಿದ್ರೂ ಅದರೊಳಗೆ ಇಲ್ಲದ್ದು ಹೊರಗೆ ಬರ್ತಿರ್ಲಿಲ್ಲ ಕಣೇ" ಎಂದೆ.

ಈ ಉಪದೇಶದ ಗುಣವೇ ಇದು. ಯಾವತ್ತೂ ಸುಳ್ಳಾಗದಂತೆ ಕಟ್ಟಿದ ಮಾತು. ಚೆನ್ನಾದರೆ ಕಾದದ್ದರಿಂದ, ಆಗದಿದ್ದರೆ ಸರಿಯಾಗಿ ಕಾಯದಿದ್ದರಿಂದ. ಸೀಸೆ ಮಾಡಿದವನಿಗೂ ಮಾರಿದವನಿಗೂ ಇದಕ್ಕಿಂತ ಒಳ್ಳೆಯ ವಕೀಲ ಸಿಗಲಾರ. ಜೊತೆಗೆ ಹಂಸದ ಕತ್ತಿನ ಹೂಜಿಯೂ ವೈನಿಗೆ ಗಾಳಿ ಬೆರೆಸುವ ಯಂತ್ರವೂ ಮಾರಾಟವಾಗುತ್ತವೆ. ತಾಳಿದವನು ಬಾಳಿಯಾನು ಎಂಬ ಗಾದೆಯಲ್ಲಿ ಗಂಡಸಿನ ಹೆಸರಿದ್ದರೂ ಅದನ್ನು ಹೇಳುವುದು ಹೆಚ್ಚಾಗಿ ನಮಗೇ ಅಲ್ಲವೇ? ಹೆಂಗಸಿಗೆ ಈ ಪಾಠ ಹೊಸದಲ್ಲ. ಸಂಸಾರದಲ್ಲಿ ಕೇಳಿ ಕೇಳಿ ಸಾಕಾಗಿರುವುದನ್ನು ದುಡ್ಡು ಕೊಟ್ಟು ತಂದ ಸೀಸೆಯ ಮುಂದೆಯೂ ಕೇಳಬೇಕೇ?

ಆದ್ದರಿಂದ ಮನೆಗೆ ಈ ವಸ್ತು ಬರುವುದೇ ಆದರೆ, ತರುವ ಹೆಣ್ಣುಮಕ್ಕಳಿಗೆ ನಾನು ಹೇಳುವುದಿಷ್ಟು. ಅಂಗಡಿಯಲ್ಲಿ ತಣ್ಣಗೆ ಇಟ್ಟಿದ್ದಾರೆಯೇ ನೋಡಿ ಕೊಳ್ಳಿ. ಕೆಂಪು ವೈನನ್ನು ಕೋಣೆಯ ಶಾಖದಲ್ಲೇ ಕುಡಿಯಬೇಕೆಂಬ ಮಾತು ಹುಟ್ಟಿದ್ದು 16–18 ಡಿಗ್ರಿಯ ಯೂರೋಪಿನ ಹಳೆಯ ಮನೆಗಳಲ್ಲಿ. ನಮ್ಮ 30 ಡಿಗ್ರಿಯ ಕೋಣೆಗೆ ಅದು ಸಲ್ಲದು. ಬಡಿಸುವ ಮುಂಚೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ಉರಿ ಎಷ್ಟೋ ತಗ್ಗುತ್ತದೆ. ಗಂಧಕದ ವಾಸನೆಯಿದ್ದರೆ ಹೂಜಿಗೆ ಸುರಿದು ಇನ್ನರ್ಧ ಗಂಟೆ ನೋಡಿ. ಮುಗ್ಗಲು ವಾಸನೆಯೋ ವಿನಿಗರ್ ವಾಸನೆಯೋ ಬಂದರೆ ಬಿರಟೆ ಹಾಕಿ, ರಸೀದಿಯೊಂದಿಗೆ ಅಂಗಡಿಗೆ ಹಿಂತಿರುಗಿಸಿ. ಹೋಟೆಲಿನಲ್ಲಿ ಮೊದಲು ಒಂದು ಗುಟುಕು ಸುರಿದು ಮುಂದಿಡುವುದು ಶೋಕಿಗಲ್ಲ, ಕೆಟ್ಟಿದ್ದರೆ ಕೆಟ್ಟಿದೆ ಎನ್ನಲಿ ಎಂದೇ.

ಇಷ್ಟಾಗಿಯೂ ರುಚಿಸದಿದ್ದರೆ, ಬಂದವರ ಎದುರು ನೀವೇ ಮೊದಲು ಹೇಳಿಬಿಡಿ: "ಇದು ಚೆನ್ನಾಗಿಲ್ಲ, ಬಿಡಿ. ಮಜ್ಜಿಗೆ ಇದೆ, ಕೊಡಲೇ?"