ತಾರಸಿಯ ಕೈತೋಟ: ಆಯವ್ಯಯದ ಒಂದು ಪರಾಮರ್ಶೆ

ಉದರನಿಮಿತ್ತವಾಗಿ ಊರು ಬಿಟ್ಟು ಕೊಚ್ಚಿಯನ್ನು ಸೇರಿದ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಹಿತ್ತಲೆಂಬುದು ಈಗ ಕೇವಲ ನೆನಪಿನ ವಸ್ತುವಾಗಿ ಉಳಿದಿದೆ. ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದವರು, ಹೋಟೆಲ್ ಉದ್ಯಮವನ್ನು ನಂಬಿ ಬಂದವರು, ಈಚೆಗೆ ಕಾಕ್ಕನಾಡಿನ ಗಣಕ ಸಂಸ್ಥೆಗಳಿಗಾಗಿ ಬಂದ ತರುಣರು, ಇವರಲ್ಲಿ ಅನೇಕರು ಕಲೂರಿನ ಆಸುಪಾಸಿನಲ್ಲಿ ಬಾಡಿಗೆಯ ಮನೆಗಳಲ್ಲಿಯೂ ಬಹುಮಹಡಿ ಕಟ್ಟಡಗಳಲ್ಲಿಯೂ ವಾಸವಾಗಿದ್ದಾರೆ. ತುಳಸಿಕಟ್ಟೆಗೇ ಸ್ಥಳವಿಲ್ಲದ ಕಡೆ ಬಸಳೆಯ ಚಪ್ಪರ ಎಲ್ಲಿಂದ ಬರಬೇಕು? ಆದುದರಿಂದಲೇ ಕಣ್ಣು ತಾರಸಿಯ ಕಡೆಗೆ ಹೊರಳಿದೆ.

ಕೇರಳದಲ್ಲಿ ಈ ಉತ್ಸಾಹಕ್ಕೆ ಸರ್ಕಾರದ ಪ್ರೋತ್ಸಾಹವೂ ದೊರೆತಿದೆ. ಓಣಂ ಹಬ್ಬಕ್ಕೆ ಮನೆಯಲ್ಲೇ ಬೆಳೆದ ಒಂದು ಮೊರದಷ್ಟು ತರಕಾರಿ ಎಂಬ ಅರ್ಥದ ‘ಓಣತ್ತಿನು ಒರು ಮುರಂ ಪಚ್ಚಕ್ಕರಿ’ ಯೋಜನೆಯ ಅಂಗವಾಗಿ ಕೃಷಿಭವನಗಳ ಮೂಲಕ ಬೀಜ, ಸಸಿಗಳು ಹಂಚಿಕೆಯಾಗಿವೆ. ಆದರೆ ಆರಂಭಿಸಿದವರೆಲ್ಲ ಮುಂದುವರಿಸಿದ್ದಾರೆಯೆ? ಯಾವುದೇ ಎತ್ತರದ ಕಟ್ಟಡದಿಂದ ಸುತ್ತಲಿನ ತಾರಸಿಗಳನ್ನು ನೋಡಿದರೆ ಉತ್ತರ ಕಾಣುತ್ತದೆ. ಬಿಸಿಲಿಗೆ ಹರಿದ ಪ್ಲಾಸ್ಟಿಕ್ ಚೀಲಗಳು, ಅವುಗಳಲ್ಲಿ ಒಣಹುಲ್ಲು, ಮೂಲೆಯಲ್ಲೊಂದು ಸೊರಗಿದ ಬದನೆಯ ಗಿಡ. ಕೈತೋಟವನ್ನು ಆರಂಭಿಸುವುದು ಒಂದು ಭಾನುವಾರದ ಕೆಲಸ. ಅದನ್ನು ಉಳಿಸಿಕೊಳ್ಳುವುದು ಮುನ್ನೂರು ದಿನಗಳ ಕೆಲಸ. ಈ ಅಂತರವನ್ನು ಎಣಿಸದೆ ಇಳಿದವರೇ ಬೇಗನೆ ಕೈಬಿಟ್ಟವರು.

ತಪ್ಪಿನ ಮೂಲವಿರುವುದು ಲೆಕ್ಕದಲ್ಲಿ. ತರಕಾರಿಯ ಖರ್ಚು ಉಳಿಯುತ್ತದೆಂಬ ಆಸೆಯಿಂದ ತೋಟ ಮಾಡಿದವನಿಗೆ ನಷ್ಟ ಕಟ್ಟಿಟ್ಟದ್ದು. ಚೀಲ, ಮಣ್ಣು, ತೆಂಗಿನ ನಾರಿನ ಹುಡಿ, ಹಿಂಡಿ, ಗೊಬ್ಬರ, ನೀರಿನ ಕೊಳವೆ ಇವೆಲ್ಲ ಮೂಲಧನ. ಚೀಲಗಳಿಗೆ ಎರಡು ಮೂರು ವರ್ಷಗಳಲ್ಲಿ ಪೂರ್ಣ ಸವಕಳಿ. ದಿನಂಪ್ರತಿ ಅರ್ಧ ಗಂಟೆಯ ದುಡಿಮೆಗೆ ಕೂಲಿಯಿಲ್ಲ. ಇದಕ್ಕೆ ಪ್ರತಿಯಾಗಿ ಜಮೆಯಾಗುವುದು ಕೆಲವು ಕಟ್ಟು ಹರಿವೆಸೊಪ್ಪು, ಒಂದಿಷ್ಟು ಬೆಂಡೆಕಾಯಿ. ಇಂಥ ಯೋಜನೆಗೆ ಯಾವ ಬ್ಯಾಂಕೂ ಸಾಲ ಮಂಜೂರು ಮಾಡಲಾರದು, ಮಾಡಲೂಬಾರದು! ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕನೊಬ್ಬ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣುತರಕಾರಿಗಳನ್ನು ಸೇವಿಸಬೇಕು. ನಾಲ್ವರ ಕುಟುಂಬಕ್ಕೆ ಇದು ತಿಂಗಳಿಗೆ 48 ಕಿಲೋಗ್ರಾಂ ಆಗುತ್ತದೆ. ತಾರಸಿಯ ಚೀಲಗಳಿಂದ ಇದನ್ನು ತುಂಬಿಸುವ ಮಾತು ಹಗಲುಗನಸು.

ಹಾಗಾದರೆ ಲಾಭ ಎಲ್ಲಿದೆ? ತಿರುವನಂತಪುರದ ವೆಳ್ಳಾಯಣಿಯಲ್ಲಿರುವ ಕೇರಳ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಾಲಯವು ಮಾರುಕಟ್ಟೆಯ ತರಕಾರಿಗಳಲ್ಲಿರುವ ಕೀಟನಾಶಕದ ಶೇಷವನ್ನು ವರ್ಷಗಳಿಂದ ಪರೀಕ್ಷಿಸುತ್ತಿದೆ. ಆ ವರದಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಹೆಸರುಗಳು ಕರಿಬೇವು, ಪುದೀನ, ಕೊತ್ತಂಬರಿ, ಹಸಿಮೆಣಸಿನಕಾಯಿ, ಅಲಸಂದೆ ಮುಂತಾದುವು. ಇವುಗಳನ್ನು ಸಿಪ್ಪೆ ಸುಲಿದು ತಿನ್ನುವಂತಿಲ್ಲ. ಕೆಲವನ್ನಂತೂ ಬೇಯಿಸುವುದೂ ಇಲ್ಲ. ಹುಣಿಸೆನೀರಿನಲ್ಲಿ ನೆನೆಸಿ ತೊಳೆದರೆ ಮೇಲ್ಮೈಯ ಶೇಷ ಕಡಿಮೆಯಾದೀತು, ಗಿಡದ ಒಳಗೆ ಹೀರಲ್ಪಟ್ಟದ್ದು ಹೋಗದು. ಆದರೆ ಚೀಲದಲ್ಲಿ ಬೆಳೆಯಲು ಸುಲಭವಾದುವು ಸಹ ಇವೇ ಆಗಿರುವುದು ನಗರವಾಸಿಯ ಸುದೈವ. ಕುಂಬಳ, ಸೋರೆ, ಕೋಸು, ಈರುಳ್ಳಿಗಳನ್ನು ಅಂಗಡಿಗೆ ಬಿಟ್ಟು, ಒಗ್ಗರಣೆಗೂ ಪಲ್ಯಕ್ಕೂ ಬೇಕಾದ ನಾಲ್ಕು ಬಗೆಗಳನ್ನು ಮನೆಯಲ್ಲಿ ಬೆಳೆದುಕೊಳ್ಳುವುದೇ ವಿವೇಕದ ಮಾರ್ಗ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯುವುದು ಉಚಿತವಲ್ಲ. ‘ಗಡಿಯಾಚೆಯಿಂದ ಬರುವ ವಿಷದ ತರಕಾರಿ’ ಎಂಬ ಮಾತು ಕೊಚ್ಚಿಯಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಕನ್ನಡಿಗರೂ ಅದಕ್ಕೆ ತಲೆದೂಗುವುದುಂಟು. ಗಡಿಯಾಚೆ ಎಂದರೆ ತಮಿಳುನಾಡು ಮಾತ್ರವಲ್ಲ, ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯೂ ಹೌದು. ಓಣಂ ಹಬ್ಬದ ತರಕಾರಿಯನ್ನೂ ಹೂವಿನ ರಂಗೋಲಿಯ ಚೆಂಡುಹೂವನ್ನೂ ಬಂಡೀಪುರದ ಕಾಡುಹಾದಿಯಿಂದ ಕಳುಹಿಸಿಕೊಡುವವನು ಕನ್ನಡದ ರೈತ. ಕಳೆಯಿಲ್ಲದ, ಹುಳುಕಿಲ್ಲದ, ಹೊಳೆಯುವ ಕಾಯಿಯನ್ನೇ ಆರಿಸುವ ಗಿರಾಕಿಗೆ ಆತನನ್ನು ದೂರುವ ಅಧಿಕಾರ ಎಷ್ಟರಮಟ್ಟಿಗಿದೆ? ಇನ್ನು, ಗಡಿಯ ಈಚೆಗೇ ಕೇರಳದ ಕಾಸರಗೋಡಿನಲ್ಲಿ ನಡೆದದ್ದೇನು? ಸರ್ಕಾರಿ ಒಡೆತನದ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಮೊದಲಾದ ಕನ್ನಡ–ತುಳು ಮಾತನಾಡುವ ಹಳ್ಳಿಗಳಲ್ಲಿ ಆ ವಿಷ ಜನರ ಬಾವಿಗೂ ಹಿತ್ತಲಿಗೂ ಇಳಿಯಿತು. ಕನ್ನಡದ ಕೃಷಿ ಪತ್ರಕರ್ತ ಶ್ರೀ ಪಡ್ರೆಯವರೂ ಊರಿನ ವೈದ್ಯ ಡಾ. ವೈ. ಎಸ್. ಮೋಹನಕುಮಾರರೂ ಈ ವಿಷಯವನ್ನು ಹೊರಜಗತ್ತಿಗೆ ತಿಳಿಸಲು ಶ್ರಮಿಸಿದವರಲ್ಲಿ ಮುಖ್ಯರು. ಸರ್ವೋಚ್ಚ ನ್ಯಾಯಾಲಯವು ದೇಶಾದ್ಯಂತ ಅದನ್ನು ತಡೆದದ್ದು 2011ರ ಮೇ ತಿಂಗಳಿನಲ್ಲಿ. ಅಂಗವೈಕಲ್ಯದಿಂದ ಹುಟ್ಟಿದ ಮಕ್ಕಳ ತಾಯಂದಿರು ಪರಿಹಾರಕ್ಕಾಗಿ ಆಮೇಲೂ ವರ್ಷಗಟ್ಟಲೆ ಬೀದಿಯಲ್ಲಿ ಕುಳಿತುಕೊಳ್ಳಬೇಕಾಯಿತು. ವಿಷಕ್ಕೆ ಭಾಷೆಯಿಲ್ಲ, ರಾಜ್ಯವೂ ಇಲ್ಲ. ಗುಂಡ್ಲುಪೇಟೆಯ ಕುಂಬಳವನ್ನು ಕೊಳ್ಳುತ್ತಲೇ ಮನೆಯಲ್ಲಿ ಕರಿಬೇವನ್ನು ಬೆಳೆಯುವುದರಲ್ಲಿ ಯಾವ ವಿರೋಧವೂ ಕಾಣದು.

ಇನ್ನು ಕ್ರಮದ ವಿಚಾರ. ಹೊಸಬರಿಗೆ 10 ಚೀಲಗಳು ಸಾಕು. 25ರಿಂದ ಆರಂಭಿಸಿದವರು ಸಾಮಾನ್ಯವಾಗಿ ಸೊನ್ನೆಗೆ ಬಂದು ನಿಲ್ಲುತ್ತಾರೆ. ಮೊದಲು ಮನೆಯೊಡೆಯನ ಅಥವಾ ನಿವಾಸಿಗಳ ಸಂಘದ ಒಪ್ಪಿಗೆ ಬೇಕು. ಹತ್ತು ಲೀಟರ್ ಹಿಡಿಸುವ ಕುಂಡದ ಒದ್ದೆಮಣ್ಣು ಹದಿನೈದು ಕಿಲೋ ತೂಗಬಹುದಾದ್ದರಿಂದ ಭಾರವನ್ನು ಗೋಡೆ, ತೊಲೆಗಳ ಮೇಲ್ಭಾಗದಲ್ಲಿಯೇ ಇಡಬೇಕು, ಇಟ್ಟಿಗೆಯ ಮೇಲೆ ಇರಿಸಿ ಕೆಳಗೆ ಗಾಳಿಯಾಡಲು ಬಿಡಬೇಕು. ಕೇರಳದ ಕೆಂಪುಮಣ್ಣು ಹುಳಿಗುಣವುಳ್ಳದ್ದು. ಒಂದು ಹಿಡಿ ಸುಣ್ಣವನ್ನು ಬೆರೆಸಿ ಹತ್ತು ಹದಿನೈದು ದಿನ ಬಿಟ್ಟು ಆಮೇಲೆ ಗೊಬ್ಬರ ಸೇರಿಸುವುದು ಲೇಸು. ಮಣ್ಣು, ನಾರಿನ ಹುಡಿ, ಕಳಿತ ಗೊಬ್ಬರ ಸಮಭಾಗ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಟೊಮೇಟೊ, ಬದನೆಗಳನ್ನು ಈ ಮಣ್ಣಿನ ಸೊರಗು ರೋಗ ರಾತ್ರೋರಾತ್ರಿ ಒಣಗಿಸುವುದರಿಂದ ಆ ರೋಗವನ್ನು ತಡೆಯಬಲ್ಲ ತಳಿಗಳನ್ನೇ ಕೇಳಿ ತರಬೇಕು: ಕೇರಳ ಕೃಷಿ ವಿಶ್ವವಿದ್ಯಾಲಯದ ‘ಶಕ್ತಿ’, ‘ಮುಕ್ತಿ’ ಟೊಮೇಟೊ, ‘ಉಜ್ವಲ’ ಮೆಣಸು. ಬೆಂಡೆಗೆ ಬೆಂಗಳೂರಿನ ಹೆಸರಘಟ್ಟದ ‘ಅರ್ಕಾ ಅನಾಮಿಕ’ ಹಳದಿ ನಂಜುರೋಗವನ್ನು ಸಹಿಸುವ ತಳಿ.

ಕನ್ನಡ ಕುಟುಂಬಗಳ ಕೈತೋಟ ಸಾಯುವುದು ಯಾವಾಗ? ಏಪ್ರಿಲ್–ಮೇ ತಿಂಗಳುಗಳಲ್ಲಿ, ಮಕ್ಕಳ ರಜೆಗೆ ಎಲ್ಲರೂ ಊರಿಗೆ ಹೊರಟುಹೋದಾಗ! ನೀರಿಲ್ಲದೆ ಒಣಗಿದ ಗಿಡಗಳನ್ನು ಜೂನಿನಲ್ಲಿ ಕಂಡವರಿಗೆ ಪುನಃ ಆರಂಭಿಸುವ ಮನಸ್ಸಿರುವುದಿಲ್ಲ. ಇದ್ದರೂ ಕೊಚ್ಚಿಯ ಮುಂಗಾರು ಎಳೆಯ ಸಸಿಯನ್ನು ಉಳಿಯಗೊಡದು. ಆದುದರಿಂದ ಓಣಂ ಮುಗಿದ ಮೇಲೆ, ಮಳೆಯ ರಭಸ ತಗ್ಗಿದಾಗ ಬಿತ್ತಿ, ಯುಗಾದಿಯ ಹೊತ್ತಿಗೆ ಮುಗಿಸುವುದೇ ವಲಸೆಗಾರನ ಪಂಚಾಂಗಕ್ಕೆ ಒಪ್ಪುವ ವ್ಯವಸಾಯ. ಹರಿವೆ ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಅಲಸಂದೆ, ಬೆಂಡೆಗಳಿಗೆ ಒಂದೂವರೆ ತಿಂಗಳು. ಊರಿಗೆ ಹೊರಡುವ ಮುನ್ನ ಹಳೆಯ ಗಿಡ ಕಿತ್ತು, ಮಣ್ಣನ್ನು ತೇವ ಮಾಡಿ, ಪಾರದರ್ಶಕ ಹಾಳೆಯಿಂದ ಬಿಗಿಯಾಗಿ ಮುಚ್ಚಿ ಬೇಸಗೆಯ ಬಿಸಿಲಿಗೆ ಬಿಟ್ಟರೆ ಅದರಲ್ಲಿನ ರೋಗಾಣುಗಳೂ ಕಡಿಮೆಯಾಗುತ್ತವೆ. ವರ್ಷವಿಡೀ ಉಳಿಯುವ ಕರಿಬೇವೊಂದಕ್ಕೆ ನೆರೆಯವರ ದಯೆ ಸಾಕು.

ಸಾವಯವವೆಂದ ಮಾತ್ರಕ್ಕೆ ಎಲ್ಲವೂ ನಿರಪಾಯವೆಂಬ ಭಾವನೆ ತಪ್ಪು. ಹೊಗೆಸೊಪ್ಪಿನ ಕಷಾಯವನ್ನು ಹುಳುಗಳ ಮೇಲೆ ಎರಚುವ ಪದ್ಧತಿ ಈಗಲೂ ಇದೆ. ಅದರಲ್ಲಿರುವ ನಿಕೋಟಿನ್ ಮನುಷ್ಯನಿಗೂ ತೀಕ್ಷ್ಣ ವಿಷ. ಮಕ್ಕಳಿರುವ ಮನೆಯಲ್ಲಿ ಅದು ಬೇಡ. ಒಂದು ಲೀಟರ್ ನೀರಿಗೆ 20 ಮಿಲಿಲೀಟರ್ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿಯ ರಸ, ಸ್ವಲ್ಪ ಸಾಬೂನು ಸೇರಿಸಿ ಸಂಜೆಯ ಹೊತ್ತು ಸಿಂಪಡಿಸಿದರೆ ಸಸ್ಯಹೇನುಗಳಿಗೆ ಸಾಲುತ್ತದೆ. ಹಸಿ ಸಗಣಿಯ ನೀರು ತಾಗಿದ ಸೊಪ್ಪನ್ನು ಹಸಿಯಾಗಿ ತಿನ್ನುವುದು ಹೊಟ್ಟೆಯ ಕಾಯಿಲೆಗೆ ಆಹ್ವಾನ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಡೆಂಗೆ ಹರಡುವ ಸೊಳ್ಳೆಗೆ ತೊಟ್ಟಿಲಾಗುತ್ತದೆ. ತಟ್ಟೆಯನ್ನು ತೆಗೆದುಹಾಕುವುದೇ ಉತ್ತಮ, ಇಲ್ಲವಾದರೆ ವಾರಕ್ಕೆರಡು ಬಾರಿ ಉಜ್ಜಿ ಒಣಗಿಸಬೇಕು. ಮೂತ್ರಪಿಂಡದ ಕಲ್ಲಿನ ತೊಂದರೆಯುಳ್ಳವರು ಹರಿವೆ, ಬಸಳೆಗಳನ್ನು ಎಷ್ಟು ತಿನ್ನಬೇಕೆಂದು ವೈದ್ಯರಲ್ಲಿ ಕೇಳಿಕೊಳ್ಳಲಿ.

ಗೊಬ್ಬರವನ್ನು ಹಣ ಕೊಟ್ಟು ತರುವ ಅಗತ್ಯವೂ ಕ್ರಮೇಣ ತಪ್ಪುತ್ತದೆ. 2023ರ ಮಾರ್ಚ್ 2ರಂದು ಬ್ರಹ್ಮಪುರದ ಕಸದ ರಾಶಿಗೆ ಬೆಂಕಿ ಬಿದ್ದು, ಸುಮಾರು ಹತ್ತು ಹನ್ನೆರಡು ದಿನ ಕೊಚ್ಚಿಯ ಜನರು ವಿಷದ ಹೊಗೆಯನ್ನು ಉಸಿರಾಡಿದ್ದನ್ನು ಕಲೂರಿನವರು ಮರೆತಿರಲಾರರು. ಆ ರಾಶಿಗೆ ಮನೆಮನೆಯ ಅಡುಗೆಕೋಣೆಯ ಪಾಲೂ ಸೇರಿತ್ತು. ತರಕಾರಿಯ ಸಿಪ್ಪೆ, ಕಾಫಿಯ ಚರಟ, ತೆಂಗಿನ ನಾರಿನ ಹುಡಿ ಇವನ್ನು ಪದರಪದರವಾಗಿ ತೂತಿನ ಮಡಕೆಯಲ್ಲಿ ತುಂಬಿಸಿದರೆ ಎರಡು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಅನ್ನ, ಮೀನು, ಮಾಂಸದ ಎಂಜಲನ್ನು ಅದಕ್ಕೆ ಹಾಕಲಾಗದು. ಅದು ಇಲಿಗಳನ್ನು ಕರೆಯುತ್ತದೆ, ಇಲಿಗಳು ಇಲಿಜ್ವರವನ್ನು ತರುತ್ತವೆ. ದುರ್ವಾಸನೆ ಬಂದರೆ ತೇವ ಹೆಚ್ಚಾಗಿದೆಯೆಂದು ತಿಳಿದು ಒಣ ಎಲೆ ಸೇರಿಸಬೇಕು.

ಕನ್ನಡ ಸಂಘಗಳು ರಾಜ್ಯೋತ್ಸವದ ಸಮಾರಂಭದಲ್ಲಿ ಸ್ಮರಣಿಕೆಯೆಂದು ಕೊಡುವ ಸ್ಟೀಲಿನ ಡಬ್ಬಿಯ ಬದಲು ಮೆಣಸಿನ ಎರಡು ಸಸಿ, ಹರಿವೆಯ ಬೀಜ ಒಂದು ಪೊಟ್ಟಣ ಕೊಡಬಹುದು. ನವೆಂಬರ್ ತಿಂಗಳು ಇದಕ್ಕೆ ಸಕಾಲವೂ ಆಗಿದೆ. ವರ್ಗಾವಣೆಯಾದವರು ತಮ್ಮ ಚೀಲಗಳನ್ನು ಮಣ್ಣಿನ ಸಮೇತ ಹೊಸದಾಗಿ ಬಂದವರಿಗೆ ದಾಟಿಸಲು ಸಂಘದ ಕಾರ್ಯಾಲಯದಲ್ಲಿ ಒಂದು ಪುಸ್ತಕವಿಟ್ಟರೆ ಸಾಕು.